ಕುಂಬಳದ ಹೂವಿನ ಹಳದಿ

ನರ್ಸ್ ಬಲಗಣ್ಣಿನ ಪಟ್ಟಿ ಬಿಚ್ಚಿ, ಒದ್ದೆ ಹತ್ತಿಯಿಂದ ರೆಪ್ಪೆ ಒರೆಸಿ, "ಈಗ ನಿಧಾನಕ್ಕೆ ಕಣ್ಣು ಬಿಡಿ" ಎಂದಳು. ಅವರು ಬಿಟ್ಟರು. ಎದುರಿಗೆ ಗೋಡೆಯಿತ್ತು. ನಿನ್ನೆ ಇದೇ ಕುರ್ಚಿಯಲ್ಲಿ ಕೂತಾಗ ಅದು ಹಳೆಯ ಲಕೋಟೆಯ ಬಣ್ಣಕ್ಕಿತ್ತು. ಇವತ್ತು ಕಣ್ಣಿಗೆ ಚುಚ್ಚುವಷ್ಟು ಬೆಳ್ಳಗಿತ್ತು.

"ಒಂದೇ ದಿನಕ್ಕೆ ಸುಣ್ಣ ಹೊಡೆಸಿಬಿಟ್ರಾ?" ಎಂದು ಕೇಳಿದರು.

ನರ್ಸ್ ನಕ್ಕಳು. ಪಕ್ಕದಲ್ಲಿ ಏನೋ ಬರೆಯುತ್ತಿದ್ದ ಡಾಕ್ಟರೂ ತಲೆಯೆತ್ತಿದರು. "ವಾರಕ್ಕೆ ನಾಲ್ಕು ಜನ ಇದನ್ನೇ ಕೇಳ್ತಾರೆ. ಗೋಡೆ ಅದೇ ಯಜಮಾನ್ರೇ. ನಿಮ್ಮ ಕಣ್ಣಿನ ಪೊರೆ ಟೀ ಡಿಕಾಕ್ಷನ್ ಥರ ಆಗಿತ್ತು, ಅದರೊಳಗಿಂದ ನೋಡ್ತಿದ್ರಿ ಅಷ್ಟೆ. ಎಡಗಣ್ಣಿಂದು ಇನ್ನೂ ಹಾಗೇ ಇದೆ. ಬೇಕಾದ್ರೆ ಒಂದೊಂದೇ ಮುಚ್ಚಿ ನೋಡಿ."

ಅವರು ಬಲಗಣ್ಣನ್ನು ಅಂಗೈಯಿಂದ ಮುಚ್ಚಿದರು. ಗೋಡೆ ಮತ್ತೆ ಲಕೋಟೆಯಾಯಿತು. ಕೈ ತೆಗೆದರೆ ಬಿಳಿ. ಮುಚ್ಚಿದರೆ ಲಕೋಟೆ. ಮೂರು ನಾಲ್ಕು ಸಲ ಹಾಗೆ ಮಾಡಿದ ಮೇಲೆ ಜೊತೆಗೆ ಬಂದಿದ್ದ ಹೆಂಡತಿ, "ಸಾಕು, ಹೊಸ ಕಣ್ಣನ್ನ ಇವತ್ತೇ ಸವೆಸಿಬಿಡಬೇಡಿ" ಎಂದಳು.

"ಎಷ್ಟು ವರ್ಷದಿಂದ ಹೀಗಿತ್ತು ಡಾಕ್ಟ್ರೇ?"

"ಹೇಳೋದು ಕಷ್ಟ. ಎಂಟು, ಹತ್ತು. ದಿನಕ್ಕೊಂದು ಕೂದಲೆಳೆಯಷ್ಟು ಬರುತ್ತೆ. ಯಾರಿಗೂ ಗೊತ್ತಾಗಲ್ಲ." ಎಡಗಣ್ಣಿಗೆ ದಿನ ನೋಡಿ ಫೋನ್ ಮಾಡಿಸುತ್ತೇನೆ ಎಂದು ಡಾಕ್ಟರು ಮುಂದಿನವರನ್ನು ಕರೆದರು.

ಬಸ್ಸಿನಲ್ಲಿ ಕಪ್ಪು ಕನ್ನಡಕದ ಅಂಚಿನಿಂದ ಇಣುಕಿ ಅವರು ದಾರಿಯುದ್ದಕ್ಕೂ ಆಕಾಶ ನೋಡಿದರು. ಎಂಟು, ಹತ್ತು ಎಂಬ ಮಾತು ಎಲ್ಲೋ ಒಂದು ಕಡೆ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಅದನ್ನು ಹಿಡಿದು ಎಳೆಯಲು ಮನಸ್ಸಾಗಲಿಲ್ಲ. ಅವರು ಆಸ್ಪತ್ರೆಗೆ ಹೋದದ್ದೇ ಸಣ್ಣ ಅಕ್ಷರ ಮಸುಕಾಗುತ್ತದೆ ಎಂದು. ಬಣ್ಣದ ಬಗ್ಗೆ ಅವರಿಗೆ ಯಾವ ದೂರೂ ಇರಲಿಲ್ಲ.

ಇರುವುದಾದರೂ ಹೇಗೆ? ಮೂವತ್ತನಾಲ್ಕು ವರ್ಷ ಅವರು ಒಂದೇ ಪ್ರೆಸ್ಸಿನಲ್ಲಿ ಬಣ್ಣ ನೋಡಿದವರು. ಯಂತ್ರದಿಂದ ಬಂದ ಮೊದಲ ಹಾಳೆಯನ್ನು ದೀಪದ ಕೆಳಗೆ ಹರಡಿ, ನೀಲಿ ಎಷ್ಟು ಇಳಿಯಬೇಕು, ಹಳದಿ ಎಷ್ಟು ಏರಬೇಕು ಎಂದು ಹಸಿರು ಪೆನ್ನಿನಲ್ಲಿ ಬರೆದು ಸಹಿ ಹಾಕುವುದು ಅವರ ಕೆಲಸ. ಆ ಸಹಿ ಬೀಳದೆ ಯಂತ್ರ ಓಡುತ್ತಿರಲಿಲ್ಲ. ಪ್ರೆಸ್ಸಿನವರು ಅವರನ್ನು 'ಹದ್ದು' ಎನ್ನುತ್ತಿದ್ದರು, ಮೊದಲು ಹಿಂದಿನಿಂದ, ಆಮೇಲೆ ಎದುರಿಗೇ. ಹತ್ತೊಂಬತ್ತನೇ ವಯಸ್ಸಿಗೆ ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ಹುಡುಗಿ 'ಹದ್ದಿನ ಮರಿ' ಆದಳು. ಈಗ ಅವಳ ತಲೆಯಲ್ಲೂ ಬಿಳಿಕೂದಲಿದೆ, ಆ ಕೋಣೆ ಈಗ ಅವಳದೇ. ಆದರೂ ಅವಳು ಮರಿಯೇ.

ಹದ್ದಿಗೆ ಒಂದು ಪದ್ಧತಿಯಿತ್ತು. ಗಿರಾಕಿಗಳು ಹೋಲಿಸಿ ನೋಡಲಿ ಎಂದು ಬಿಸ್ಕತ್ತು, ಸೋಪು, ಬಟ್ಟೆಯ ತುಂಡು ತಂದಿಡುತ್ತಿದ್ದರು. ಅವರು ಒಮ್ಮೆ ನೋಡಿ ಅದನ್ನು ಬದಿಗೆ ಸರಿಸುತ್ತಿದ್ದರು. "ವಸ್ತು ಬಾಡುತ್ತೆ, ಬೆಳಕು ಬದಲಾಗುತ್ತೆ. ಇಲ್ಲಿರೋದು ಬದಲಾಗಲ್ಲ" ಎಂದು ಹಣೆಗೆ ಬೆರಳು ತಟ್ಟುತ್ತಿದ್ದರು. ನಿವೃತ್ತರಾದ ಮೇಲೆ ನಾಲ್ಕು ವರ್ಷ ಕ್ಯಾಮರಾ ನೇತುಹಾಕಿಕೊಂಡು ಖಾಲಿ ಸೈಟು, ಬೇಲಿ, ಬಸ್ ಡಿಪೋದ ಹಿಂಗೋಡೆ ಅಂತ ತಿರುಗಿ ತೆಗೆದ ಹೂವುಗಳಲ್ಲಿ ಎಪ್ಪತ್ತೆರಡನ್ನು ಆರಿಸಿದಾಗಲೂ ಅದೇ ಪದ್ಧತಿ. ಪ್ರೆಸ್ಸಿಗೆ ಹೊರಟಾಗ ಹೆಂಡತಿ, "ಹಿತ್ತಲಲ್ಲಿ ಕುಂಬಳದ ಹೂ ಬಿಟ್ಟಿದೆ, ಕಿತ್ಕೊಂಡು ಹೋಗಿ ಪಕ್ಕದಲ್ಲಿಟ್ಟು ನೋಡಬಾರದೇ?" ಎಂದಿದ್ದಳು. ಅವರು ನಕ್ಕು ಚಪ್ಪಲಿ ಮೆಟ್ಟಿದ್ದರು.

ಪ್ರಕಾಶಕರು ಯಾರೂ ಸಿಕ್ಕಿರಲಿಲ್ಲ. ಹೂವಿನ ಫೋಟೋ ಈಗ ಎಲ್ಲರ ಫೋನಿನಲ್ಲೂ ಇದೆ ಎಂದು ಮೂವರು ಹೇಳಿ ಕಳಿಸಿದ ಮೇಲೆ ತಾವೇ ಮುನ್ನೂರು ಪ್ರತಿ ಹಾಕಿಸುವುದೆಂದು ಹಟ ಹಿಡಿದರು. ಫೋಟೋ, ಬರಹ, ಪುಟವಿನ್ಯಾಸ, ಪ್ರಕಾಶನ, ನಾಲ್ಕೂ ಸಾಲಿನಲ್ಲಿ ಅವರದೇ ಹೆಸರು. "ಓದುಗರು ಅಂತ ಇನ್ನೊಂದು ಸಾಲು ಸೇರಿಸಿ, ಅಲ್ಲೂ ನಿಮ್ಮ ಹೆಸರೇ ಹಾಕಿಬಿಡಿ" ಎಂದು ಹೆಂಡತಿ ಚುಡಾಯಿಸಿದ್ದಳು. ಬರುವ ಭಾನುವಾರ ಬೀದಿಯ ಕೊನೆಯ ಲೈಬ್ರರಿಯಲ್ಲಿ ಬಿಡುಗಡೆ. ಹಳೆಯ ಪ್ರೆಸ್ಸಿನವರೆಲ್ಲ ಬರುವವರಿದ್ದರು.

ಮನೆಗೆ ಬಂದಾಗ ಪುಸ್ತಕದ ಕಟ್ಟುಗಳು ಬಂದಿದ್ದವು. ಪಕ್ಕದ ಮನೆಯಾಕೆ ಮೊದಲೇ ಇಸಿದುಕೊಂಡಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು ಒಳಗೆ ಇಡಿಸಿದ್ದಳು. ಅವರು ಕೈ ತೊಳೆದು, ಒರೆಸಿಕೊಂಡು, ಕಿಟಕಿಯ ಪಕ್ಕ ಕೂತರು. ಹೆಂಡತಿ ತರಕಾರಿ ಚಾಕುವಿನಿಂದ ದಾರ ಕತ್ತರಿಸಿ ಮೇಲಿನ ಪ್ರತಿಯನ್ನು ಎರಡೂ ಕೈಯಿಂದ ಕೊಟ್ಟಳು.

ಮುಖಪುಟದಲ್ಲಿ ಬಿಳಿ ಲಿಲಿ. ಅದು ಬೆಳ್ಳಗಿರಲಿಲ್ಲ. ನೀಲಿ ಹೆಚ್ಚಾಗಿ ಹಾಕಿ ಹಿಂಡಿದ ಬಟ್ಟೆಯಂತಿತ್ತು.

ಅವರು ಪುಟ ತಿರುಗಿಸಿದರು. ಕೆಂಪು ಗುಲಾಬಿ ಪೆಟ್ಟು ಬಿದ್ದು ನೆತ್ತರು ಹೆಪ್ಪುಗಟ್ಟಿದ ಹಾಗೆ ಕಂಡಿತು. ಚೆಂಡುಹೂವಿಗೆ ತಿಂಗಳು ಜ್ವರ ಬಂದು ಎದ್ದವರ ಮುಖ. ಅವರ ಬೆರಳು ಬೇಗಬೇಗ ಓಡಿತು, ಎಲ್ಲಾದರೂ ಒಂದು ಸರಿಯಾದ ಹಾಳೆ ಸಿಕ್ಕೀತು ಎಂಬಂತೆ. ನಲವತ್ತೊಂದನೇ ಪುಟ, ಕುಂಬಳದ ಹೂ. ಅವರು ಎಲ್ಲಕ್ಕಿಂತ ಹೆಚ್ಚು ಕಷ್ಟಪಟ್ಟ ಪುಟ. ಹೂವಿನೊಳಗಿನ ಬಿಸಿಯೆಲ್ಲ ಆರಿ, ನಿಂಬೆಸಿಪ್ಪೆಯ ಬಿಳಿಚಿದ ಹಸಿರು ಹಳದಿ ಉಳಿದಿತ್ತು.

"ಏನ್ರೀ, ಮುಖ ಹಾಗ್ಯಾಕಾಯ್ತು?"

"ಹಾಳು ಮಾಡಿದಾರೆ." ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. "ಪೂರ್ತಿ ಹಾಳು ಮಾಡಿದಾರೆ."

ಹೆಂಡತಿ ಬಗ್ಗಿ ನೋಡಿದಳು. ಒಂದು ಪುಟ ನೋಡಿದಳು, ಇನ್ನೊಂದು ನೋಡಿದಳು. "ಮೊದಲಿಂದ ಹೀಗೇ ಇತ್ತಲ್ಲ. ತಿಂಗಳುಗಟ್ಟಲೆ ಪ್ರೂಫ್ ಹಾಳೆ ಗೋಡೆ ಮೇಲೆ ಅಂಟಿಸ್ಕೊಂಡಿದ್ರಲ್ಲ, ಹಾಗೇ ಇದೆ."

"ನಿನಗೆ ಹೀಗೇ ಕಾಣ್ತಿತ್ತಾ? ಆವಾಗ್ಲೂ?"

"ನನಗೇನು ಗೊತ್ತಾಗುತ್ತೆ? ಕಲೆ ಇರಬೇಕು ಅಂದ್ಕೊಂಡೆ."

ಬಲಗಣ್ಣು ಮುಚ್ಚಿ ಒಂದು ಸಲ ನೋಡಬಹುದಿತ್ತು. ಕೈ ಮೇಲೇಳಲಿಲ್ಲ. ಅವರು ಕಪ್ಪು ಕನ್ನಡಕ ಹಾಕಿಕೊಂಡು, ಪುಸ್ತಕವನ್ನು ಚೀಲಕ್ಕೆ ತುರುಕಿ, ಊಟ ಮಾಡಿ ಹೋಗಿ ಎನ್ನುತ್ತಿದ್ದ ಹೆಂಡತಿಯನ್ನು ದಾಟಿ ಹೊರಟರು.

ಪ್ರೆಸ್ಸಿನ ಬಣ್ಣದ ಕೋಣೆಯಲ್ಲಿ ಮರಿ ಒಬ್ಬಳೇ ಇದ್ದಳು. ಅವರ ಕನ್ನಡಕ ನೋಡಿ, "ಸಿನಿಮಾ ವಿಲನ್ ಥರ ಇದೀರ ಸಾರ್" ಎಂದವಳು, ಅವರು ಮೇಜಿನ ಮೇಲೆ ಪುಸ್ತಕವನ್ನು ಬಿಚ್ಚಿ ಇಟ್ಟ ರೀತಿ ಕಂಡು ಸುಮ್ಮನಾದಳು.

"ನಾನು ಸಹಿ ಹಾಕಿದ ಹಾಳೆಗಳನ್ನ ತೆಗಿ."

ಅವಳು ಮೇಜಿನ ಕೆಳಗಿನ ಡ್ರಾಯರಿನಿಂದ ಅಗಲವಾದ ಹಾಳೆಗಳನ್ನು ತಂದು ಬಿಳಿ ದೀಪದ ಕೆಳಗೆ ಹರಡಿದಳು. ಪುಸ್ತಕವನ್ನು ಪಕ್ಕದಲ್ಲಿಟ್ಟಳು. ಮೂಲೆಯಲ್ಲಿ ಹಸಿರು ಪೆನ್ನಿನ ಸಹಿ, ಅದರ ಮೇಲೆ ಅವರದೇ ಅಕ್ಷರ: ಹಳದಿ ಇನ್ನೂ ಇಳಿಸಿ. ಮತ್ತೊಂದು ಹಾಳೆ: ಇನ್ನೂ ಇಳಿಸಿ. ಲಿಲಿಯ ಪಕ್ಕ: ಬಿಳಿ ಮಾಸಲು, ನೀಲಿ ಏರಿಸಿ. ಪುಸ್ತಕಕ್ಕೂ ಹಾಳೆಗೂ ಎಳೆಯಷ್ಟು ವ್ಯತ್ಯಾಸವಿರಲಿಲ್ಲ. ಅವರು ಹೇಳಿದ್ದನ್ನು ಯಂತ್ರ ಚಾಚೂ ತಪ್ಪದೆ ಮಾಡಿತ್ತು.

ಅವರು ಸ್ಟೂಲಿನ ಮೇಲೆ ಕೂತರು. ಆಚೆ ಯಂತ್ರ ಓಡುತ್ತಲೇ ಇತ್ತು.

"ನಿನಗೆ ಗೊತ್ತಿತ್ತು" ಎಂದರು.

ಮರಿ ಹಾಳೆಯ ಮಡಿಚಿದ ಮೂಲೆಯನ್ನು ಬೆರಳಿನಿಂದ ತೀಡುತ್ತಿದ್ದಳು.

"ಯಾವತ್ತಿಂದ ಗೊತ್ತಿತ್ತು?"

"ಆ ಹಾಲಿನ ಪುಡಿ ಡಬ್ಬಿ ಸಾರ್."

ಅವರಿಗೆ ಆ ಡಬ್ಬಿ ನೆನಪಿತ್ತು. ಒಂಬತ್ತು ವರ್ಷದ ಹಿಂದೆ, ಅದಕ್ಕೆ ಅಂಟಿಸುವ, ನಗುವ ಮಗುವಿನ ಚಿತ್ರದ ಚೀಟಿ. ಹತ್ತು ಸಾವಿರ ಚೀಟಿಯಲ್ಲಿ ಮಗು ನೀಲಿಗಟ್ಟಿ ಬಂದಿತ್ತು. ಇಂಕಿನ ಡಬ್ಬಿ ಅದಲುಬದಲಾಯಿತು, ತಪ್ಪು ನನ್ನದು ಎಂದು ಮರಿ ಪ್ರೆಸ್ಸಿನ ಯಜಮಾನರ ಮುಂದೆ ಒಪ್ಪಿಕೊಂಡಿದ್ದಳು. ಆವತ್ತು ಎಲ್ಲರೆದುರು ಅವಳನ್ನು ಅತ್ತುಬಿಡುವಷ್ಟು ಬೈದವರು ಇವರೇ. ನನ್ನ ಸಹಿಗೆ ಮಸಿ ಬಳಿದೆಯಲ್ಲ ಎಂದಿದ್ದರು.

"ಇಂಕಿನ ಡಬ್ಬಿ ಬದಲಾಗಿರಲಿಲ್ಲ."

"ಇಲ್ಲ ಸಾರ್."

"ಆಮೇಲೆ? ನಾನು ಇನ್ನೂ ಐದು ವರ್ಷ ಇಲ್ಲೇ ಇದ್ನಲ್ಲ. ಆಮೇಲೆ ಒಂದು ಹಾಳೆನೂ ವಾಪಸ್ ಬರಲಿಲ್ಲ."

ಅವಳು ಹಾಳೆಯ ಮೂಲೆಯನ್ನು ಬಿಟ್ಟು ತಲೆಯೆತ್ತಿದಳು. "ನೀವು ಸಹಿ ಹಾಕಿ ಟೀಗೆ ಹೋಗ್ತಿದ್ರಲ್ಲ. ಆವಾಗ ಹಳದಿ ಸ್ವಲ್ಪ ಏರಿಸ್ತಿದ್ದೆ, ನೀಲಿ ಇಳಿಸ್ತಿದ್ದೆ. ನೀವು ಬರೋದರೊಳಗೆ ಓಡಿಸಿಬಿಡ್ತಿದ್ದೆ. ಮೆಷಿನ್ನಿನವರಿಗೆ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ."

ಐದು ವರ್ಷ, ದಿನಕ್ಕೆ ಎರಡು ಸಲ, ಅವರು ಪ್ರೆಸ್ಸಿನ ಗೇಟಿನಾಚೆ ನಿಂತು ಟೀ ಕುಡಿದಿದ್ದರು. ವಾಪಸ್ ಬರುವಾಗ ಮೆಷಿನ್ನಿನವರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಹದ್ದು ಬಂತು ಎನ್ನುತ್ತಿದ್ದರು. ಅವರೆಲ್ಲರ ಮುಖಗಳು ಈಗ ಒಂದೊಂದಾಗಿ ಕಣ್ಣ ಮುಂದೆ ಬಂದವು. ಬೀಳ್ಕೊಡುಗೆಯ ದಿನ ಕೊಟ್ಟ ಭೂತಗನ್ನಡಿ ನೆನಪಾಯಿತು, ಅದರ ಹಿಡಿಯ ಮೇಲೆ ಕೆತ್ತಿಸಿದ್ದ ಹದ್ದೂ.

"ಅಷ್ಟೆಲ್ಲ ತಿದ್ದಿದವಳು ಇದನ್ಯಾಕೆ ಬಿಟ್ಟೆ?" ಪುಸ್ತಕದ ಕಡೆ ಕೈ ತೋರಿಸಿದರು. "ಬಿಸ್ಕತ್ತು ಪೊಟ್ಟಣ ತಿದ್ದಿದೆ. ಸೋಪಿನ ಡಬ್ಬ ತಿದ್ದಿದೆ. ಇದನ್ನ?"

"ಅದೆಲ್ಲ ಗಿರಾಕಿಗಳದು ಸಾರ್. ಇದು ನಿಮ್ದು." ಮರಿಯ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಸ್ಥಿರವಾಗಿತ್ತು. "ಎರಡು ದಿನ ಮೆಷಿನ್ ಪಕ್ಕ ನಿಂತು, ಇದೇ ಬೇಕು ಮರಿ, ಇದೇ ಅಂದ್ರಿ. ಅಷ್ಟು ಖುಷಿಯಾಗಿದ್ದಿದ್ದನ್ನ ನಾನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ. ನಿಮಗೆ ಹೂವು ಹೀಗೆ ಕಾಣ್ತಿದ್ರೆ ಅದನ್ನ ತಿದ್ದೋಕೆ ನಾನ್ಯಾರು?"

ಮರಿ ಕಂಪ್ಯೂಟರಿನ ಮುಂದೆ ಕೂತು ಏನೋ ತೆರೆದಳು. ಮೂಲೆಯ ಪ್ರೂಫ್ ಯಂತ್ರ ಗೊರಗುಟ್ಟಿ ಒಂದು ಹಾಳೆ ಹೊರಹಾಕಿತು. ಕುಂಬಳದ ಹೂ. ಹೂವಿನ ಬುಡದಲ್ಲಿ ಬಿಸಿ ಹಳದಿ, ಅಂಚಿಗೆ ಬರುತ್ತ ತೆಳುವಾಗಿ, ನರಗಳ ಮೇಲೆ ಮಾತ್ರ ಹಸಿರಿನ ಛಾಯೆ. ಎಲ್ಲವೂ ಸರಿಯಾಗಿತ್ತು. ಅವರು ಅಭ್ಯಾಸಬಲದಿಂದ ಜೇಬಿನ ಹಸಿರು ಪೆನ್ನು ತೆಗೆದರು. ಬರೆಯುವುದಕ್ಕೆ ಏನೂ ಇರಲಿಲ್ಲ.

"ಎಪ್ಪತ್ತೆರಡೂ ಹೀಗೆ ಮಾಡಿಟ್ಟಿದ್ದೀನಿ" ಎಂದಳು ಮರಿ. "ಭಾನುವಾರದ್ದು ಮುಂದಕ್ಕೆ ಹಾಕಿ. ಹದಿನೈದು ದಿನ ಕೊಟ್ರೆ ಎಲ್ಲ ಹೊಸದಾಗಿ ಹಾಕ್ತೀನಿ. ಹಳೇ ಪ್ರತಿ ಒಂದೂ ಆಚೆ ಹೋಗಲ್ಲ. ಯಾರಿಗೂ ಗೊತ್ತಾಗಲ್ಲ."

ಯಾರಿಗೂ ಗೊತ್ತಾಗಲ್ಲ ಎಂಬ ಮಾತನ್ನು ಆ ದಿನ ಅವರು ಎರಡನೇ ಸಲ ಕೇಳಿದ್ದರು. "ನಾಳೆ ಬೆಳಿಗ್ಗೆ ಹೇಳ್ತೀನಿ" ಎಂದು ಎದ್ದರು. ಬಾಗಿಲಲ್ಲಿ ನಿಂತು ಏನೋ ಹೇಳಲು ಹೊರಟರು. ಹಾಲಿನ ಪುಡಿ ಡಬ್ಬಿಯ ವಿಷಯ. ಬಾಯಿಗೆ ಬರಲಿಲ್ಲ. ಮರಿ ಬಾಗಿಲವರೆಗೆ ಬಂದು, ಅವರ ಕನ್ನಡಕ ಸರಿಯಾಗಿ ಕೂತಿದೆಯೇ ಎಂದು ನೋಡಿ, ಕಿವಿಯ ಹಿಂದಿನ ಕಡ್ಡಿಯನ್ನು ಸರಿಪಡಿಸಿದಳು.

ಮರುದಿನ ಎಂಟು ಗಂಟೆಗೆ ಅವರು ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತಿದ್ದರು. ಪುಸ್ತಕ ಮುಚ್ಚಿತ್ತು. ಹೆಂಡತಿ ಹಿತ್ತಲಿನಿಂದ ಬಂದು ನೀರು ತುಂಬಿದ ಲೋಟದಲ್ಲಿ ಒಂದು ಕುಂಬಳದ ಹೂವಿಟ್ಟು ಅವರೆದುರಿಗೆ ಸರಿಸಿದಳು. ಅದರ ಮೇಲಿನ ಇಬ್ಬನಿ ಆರಿರಲಿಲ್ಲ.

"ಈಗಲಾದ್ರೂ ಎದುರಿಗಿಟ್ಕೊಂಡು ನೋಡಿ" ಎಂದಳು. "ಹತ್ತಕ್ಕೆಲ್ಲ ಮುದುಡಿಹೋಗುತ್ತೆ."

ಅವಳು ಒಳಗೆ ಹೋದ ಮೇಲೆ ಅವರು ನಲವತ್ತೊಂದನೇ ಪುಟ ತೆರೆದು ಲೋಟದ ಪಕ್ಕದಲ್ಲಿಟ್ಟರು. ನಿನ್ನೆಯಿಂದ ತಡೆದುಕೊಂಡಿದ್ದ ಕೈಯನ್ನು ಎತ್ತಿ ಬಲಗಣ್ಣು ಮುಚ್ಚಿದರು. ಲೋಟದಲ್ಲಿದ್ದ ಹೂ ಕಂದಿತು, ನೀರಿನೊಳಗೆ ತುಕ್ಕು ಬಿಟ್ಟ ಹಾಗೆ. ಪುಟದ ಮೇಲಿನ ಹೂವು ಮಾತ್ರ ಬಿಸಿಲು ಬಿದ್ದಂತೆ ಹೊತ್ತಿಕೊಂಡಿತು. ಅವರು ಅದನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಕೈಯನ್ನು ಎಡಗಣ್ಣಿಗೆ ಬದಲಿಸಿದರು. ಪುಟ ಬಿಳಿಚಿತು. ಲೋಟದ ಹೂ ಹೊತ್ತಿಕೊಂಡಿತು.

ಅದೇ ಹಳದಿ.

ಮತ್ತೆ ಕೈ ಬದಲಿಸಿದರು. ಹಳೆಯ ಕಣ್ಣಿಗೆ ಪುಟ, ಹೊಸ ಕಣ್ಣಿಗೆ ಹೂ. ಬುಡದ ಬಿಸಿ, ಅಂಚಿನ ತೆಳುವು, ನರದ ಮೇಲಿನ ಹಸಿರು. ಎಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಫೋನ್ ರಿಂಗಾಯಿತು. ಹೆಂಡತಿ ಅದನ್ನು ಸೆರಗಿನಿಂದ ಮುಚ್ಚಿ ಹಿಡಿದುಕೊಂಡು ಬಂದಳು. "ಆಸ್ಪತ್ರೆಯವರು. ಇನ್ನೊಂದು ಕಣ್ಣು ಶುಕ್ರವಾರ ಮಾಡೋಣ್ವಾ ಅಂತಿದಾರೆ. ಏನು ಹೇಳ್ಲಿ?"

"ಭಾನುವಾರ ಕಳೀಲಿ ಅನ್ನು."

"ಮತ್ತೆ ಆ ಮರಿ? ಅವಳೂ ಕಾಯ್ತಿರ್ತಾಳೆ."

"ಬಿಡುಗಡೆ ಭಾನುವಾರಾನೇ, ಇದೇ ಪುಸ್ತಕ. ಅವಳು ನನ್ನ ಪಕ್ಕದಲ್ಲಿ ಕೂರಬೇಕು ಅಂತ ಹೇಳು. ಅಲ್ಲ, ಬೇಡ. ನಾನೇ ಹೇಳ್ತೀನಿ." ಅವರು ತಿರುಗಲಿಲ್ಲ. "ಸ್ವಲ್ಪ ಹೊತ್ತು ತಡಿ."

ಹೂವಿನ ಒಂದು ಎಸಳು ಆಗಲೇ ಅಂಚಿನಲ್ಲಿ ಒಳಕ್ಕೆ ಸುರುಳಿಯಾಗತೊಡಗಿತ್ತು. ಅವರು ಲೋಟವನ್ನು ನೆರಳಿಗೆ ಸರಿಸಿ, ಅಂಗೈಯನ್ನು ಮತ್ತೆ ಬಲಗಣ್ಣಿಗೆ ತಂದರು.