ಸೀತುವಿನ ಮನೆಯ ಹೊಸ್ತು

ಕೋಟ ಪಡುಕರೆಯಿಂದ ಹೊರಟ ಮೀನಿನ ಟೆಂಪೊ ಕುಂಭಾಶಿ ದಾಟುವಷ್ಟರಲ್ಲಿ ಕುಷ್ಟ ನಾಲ್ಕು ಸಲ ಗಡಿಯಾರ ನೋಡಿದ್ದ, ಎರಡು ಸಲ ಎದುರಿನ ಬಸ್ಸಿಗೆ ಬೈದಿದ್ದ. ಬೆಳಿಗ್ಗೆ ಮೂರು ಸಲ ತೊಳೆದರೂ ಟೆಂಪೊದಿಂದ ಬಂಗುಡೆಯ ವಾಸನೆ ಹೋಗಿರಲಿಲ್ಲ. ಅದಕ್ಕೂ ಬೈದ.

"ಹ್ವಾಯ್, ಬಸ್ಸಿನವ ನಿಮ್ಗೆ ಎಂತ ಮಾಡ್ದ?" ಎಂದಳು ಪಕ್ಕದಲ್ಲಿ ಕುಳಿತ ಹೆಂಡತಿ ಅಪ್ಪಿ.

ಬಸ್ಸಿನವ ಏನೂ ಮಾಡಿರಲಿಲ್ಲ. ಮಾಡಿದ್ದೆಲ್ಲ ಕುಷ್ಟನೇ. ಆರು ವರ್ಷದ ಹಿಂದೆ ತಂಗಿ ಸೀತು, ಬೈಂದೂರು ಕಡೆಯ ಬೇಸಾಯಗಾರ ಶೀನನನ್ನೇ ಮದುವೆಯಾಗುತ್ತೇನೆ ಎಂದಾಗ, "ನಿನ್ ಮನಿ ಅನ್ನ ನಾ ಮುಟ್ಟುದಿಲ್ಲೆ" ಎಂದು ಹತ್ತು ಜನರೆದುರು ಕೂಗಿದ್ದ. ಸಿಟ್ಟು ವಾರದಲ್ಲೇ ಇಳಿಯಿತು. ಛಲದ ಭೂತ ಇಳಿಯಲಿಲ್ಲ. ಮೊನ್ನೆ ಶೀನನೇ ಮೊಬೈಲಿಗೆ ಕರೆ ಮಾಡಿ ಹೊಸ್ತಿಗೆ, ಅಂದರೆ ಹೊಸ ಅಕ್ಕಿಯ ಊಟಕ್ಕೆ, ಕರೆದಿದ್ದ. ಸೀತು ಕರೆದಿರಲಿಲ್ಲ. ಆ ದಿನ ಕಿರಿಯರು ಒಬ್ಬೊಬ್ಬ ಹಿರಿಯರಿಗೂ "ಹೊಸ್ತ್ ಉಂತೆ", ಅಂದರೆ ಹೊಸ್ತು ಉಣ್ಣುತ್ತೇನೆ, ಎಂದು ಹೇಳಿ, ಅವರು "ಉಣ್ಣ್" ಎಂದ ಮೇಲೆಯೇ ತುತ್ತೆತ್ತಬೇಕು. ಎಲ್ಲರಿಗೂ ಹೇಳಿ ತನ್ನೊಬ್ಬನನ್ನು ಬಿಟ್ಟರೆ?

"ಅವ್ಳ್ ಮಾತಾಡ್ದಿರೆ ಎಂತ ಮಾಡುದೇ?"

"ಬಾಯಿ ಮುಚ್ಕಂಡ್ ಉಂಡ್ ಬಪ್ಪುದ್. ಆಗ್ಳೇ ಮುಚ್ಕಂಡಿದ್ರೆ ಈ ಹೆದ್ರಿಕಿ ಇತ್ತಾ?"

ಮರವಂತೆಯಲ್ಲಿ ಒಂದು ಗಳಿಗೆ ನಿಲ್ಲಿಸಿ ಎಂದು ಅಪ್ಪಿ ಕೇಳಿದರೂ ಅವನು ನಿಲ್ಲಿಸಲಿಲ್ಲ. ಬೈಂದೂರು ಪೇಟೆ ಕಳೆದು ಒಳರಸ್ತೆಗೆ ತಿರುಗಿದರೆ ಎರಡೂ ಬದಿ ತೆನೆ ಬಾಗಿದ ಗದ್ದೆ. ಒಂದು ಗದ್ದೆ ಕಂಡಂತೆ ಇನ್ನೊಂದು. ಕಡಲಿನವನಿಗೆ ಗುರುತು ಸಿಗದೆ ಎರಡು ಸಲ ದಾರಿ ತಪ್ಪಿ, ತಲುಪುವಾಗ ಎಲೆ ಹಾಕಿಯಾಗಿತ್ತು.

ಸೀತು ತಲೆಯೆತ್ತದೆ ಬಡಿಸಿದಳು. ಆಮೇಲೆ ತಾನೂ ಎಲೆಯ ಮುಂದೆ ಕುಳಿತು ಅತ್ತೆಗೆ ಹೇಳಿದಳು, ಗಂಡನಿಗೆ ಹೇಳಿದಳು, ಅತ್ತಿಗೆ ಅಪ್ಪಿಗೂ ಹೇಳಿದಳು. ಮತ್ತೆ ಎಲೆ ನೋಡುತ್ತ ಸುಮ್ಮನಾದಳು. ಅನ್ನದ ಹಬೆ ಆರತೊಡಗಿತು. ಕುಷ್ಟನಿಗೆ ತಡೆಯಲಾಗಲಿಲ್ಲ.

"ಸೀತು, ಹೊಸ್ತ್ ಉಂತೆ" ಎಂದುಬಿಟ್ಟ.

ಹಿರಿಯನು ಕಿರಿಯಳನ್ನು ಕೇಳುವುದುಂಟೇ? ಸಾಲಿನವರೆಲ್ಲ ಗೊಳ್ಳೆಂದು ನಕ್ಕರು.

"ನೀ ಕೇಂಬುದಲ್ಲ ಮಗಾ, ಅವ್ಳ್ ಕೇಂಬುದ್" ಎಂದರು ಶೀನನ ತಾಯಿ.

ಸೀತು ನಗಲಿಲ್ಲ. ಅಣ್ಣನ ಮುಖವನ್ನೇ ನೋಡಿದಳು. ಕಣ್ಣು ತುಂಬಿ ಬಂತು.

"ಉಣ್ಣ್, ಅಣ್ಣ" ಎಂದಳು.

ಕುಷ್ಟ ತುತ್ತೆತ್ತಿದ.