ಮೂವತ್ತಾರು ಸಹಿ

"ಹನ್ನೆರಡಾತು," ಎಂದು ಮೆಲ್ಲಗೆ ಎಣಿಸಿ ಸತ್ಯಬೋಧರಾಯರು ರಿಜಿಸ್ಟರ್ ಬಿಚ್ಚಿದರು. "ಇನ್ನ ಸಭಾ ಸುರು ಮಾಡ್ಲಿಕ್ಕೆ ಅಡ್ಡಿ ಇಲ್ರಿ."

ಸಂಗಮ ಬಡಾವಣೆಯಲ್ಲಿ ಮನೆ ಮೂವತ್ತಾರು. ಮೂರರಲ್ಲೊಂದು ಪಾಲು ಜನ ಕೂತಿರದಿದ್ದರೆ ಸಭೆ ಸಭೆಯಲ್ಲ. ನಡುವೆ ಒಬ್ಬರು ಎದ್ದುಹೋಗಿ ಸಂಖ್ಯೆ ಇಳಿದರೂ ಮುಂದಿನ ಠರಾವು ನಡೆಯದು. ಬೈಲಾದಲ್ಲಿ ಹೀಗೆ ಬರೆದವರು ಸತ್ಯಬೋಧರೇ. ಸಹಕಾರ ಇಲಾಖೆಯಲ್ಲಿ ಮೂವತ್ತು ವರ್ಷ ಕಂಡಕಂಡವರ ಸಂಘಗಳ ಬೈಲಾ ತಿದ್ದಿದ ಕೈ ಅದು. ಬಾಗಲಕೋಟೆಯ ನವನಗರದ ಅಂಚಿಗೆ ಮನೆ ಕಟ್ಟಿಸಿಕೊಂಡ ಮೇಲೆ ತಮ್ಮ ಬಡಾವಣೆಗೂ ಒಂದು ಸಂಘ ಮಾಡುವ ತನಕ ಅವರಿಗೆ ಉಂಡ ಅನ್ನ ಕರಗಿರಲಿಲ್ಲ. ಹನ್ನೊಂದು ವರ್ಷದಿಂದ ಅವರೇ ಕಾರ್ಯದರ್ಶಿ.

ಸಭೆಗೆ ಏಳು ದಿನ ಮೊದಲು ನೋಟೀಸನ್ನು ಕೈಯಾರೆ ಮುಟ್ಟಿಸಿ ಸಹಿ ಪಡೆಯತಕ್ಕದ್ದು ಎಂಬುದೂ ಅವರದೇ ನಿಯಮ. ತಿಂಗಳಿಗೊಮ್ಮೆ ನೋಟೀಸು ಪುಸ್ತಕ ಹಿಡಿದು ಹೊರಟರೆಂದರೆ ಎರಡು ದಿನ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಸಹಿ ಅರ್ಧ ನಿಮಿಷದ್ದು, ಕೂತು ಮಾತಾಡುವುದು ಅರ್ಧ ಗಂಟೆಯದು. ಒಂದು ಮನೆಯಲ್ಲಿ ಚಹಾ, ಇನ್ನೊಂದರಲ್ಲಿ ಚುರುಮುರಿ, ಮತ್ತೊಂದರಲ್ಲಿ ಸೊಸೆಯ ಮೇಲಿನ ದೂರು. "ಸಂಘದ ಕೆಲಸಂತ! ಹರಟಿ ಹೊಡಿಲಿಕ್ಕೆ ಒಂದ ನೆವ," ಎಂದು ಹೆಂಡತಿ ಭಾಗೀರಥೀಬಾಯಿ ನಗುತ್ತಿದ್ದರು. ಅವರು ಶ್ರಾವಣದಲ್ಲಿ ತೀರಿಕೊಂಡರು. ಮಕ್ಕಳಿಲ್ಲದ ಮನೆ. ಈಗ ಆ ನೆವ ಬಿಟ್ಟರೆ ರಾಯರಿಗೆ ನಾಲ್ಕು ಜನರ ಮಾತು ಕಿವಿಗೆ ಬೀಳುವ ಬೇರೆ ದಾರಿಯಿರಲಿಲ್ಲ.

ಆದರೂ ಆ ಪುಣ್ಯಾತ್ಮರು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಿದ್ದರು. ಕನ್ನಡಕ ಸರಿಮಾಡಿಕೊಂಡು ವಿಷಯ ನಾಲ್ಕನ್ನು ಓದಿದರು: "ಸತತ ಮೂರು ಸಭೆಗೆ ಬಾರದ ಪದಾಧಿಕಾರಿಯ ಸ್ಥಾನ ತೆರವಾಗತಕ್ಕದ್ದು. ಸಭೆಯು ಕಾರಣವನ್ನು ಮನ್ನಿಸಿದಲ್ಲಿ ಮುಂದುವರಿಯಬಹುದು. ಕಾರ್ಯದರ್ಶಿಗಳು ಕಳೆದ ಮೂರು ಸಭೆಗೆ ಬಂದಿಲ್ಲ."

ಆ ಮೂರು ತಿಂಗಳು ಅವರು ಹೆಂಡತಿಯನ್ನು ಕರೆದುಕೊಂಡು ಹುಬ್ಬಳ್ಳಿಯ ದವಾಖಾನೆಯಲ್ಲಿದ್ದರು. ನಿಯಮ ಯಾರಿಗೂ ನೆನಪಿರಲಿಲ್ಲ. ಅವರೇ ಹುಡುಕಿ, ಅವರೇ ಬರೆದು, ಅವರೇ ಮನೆಮನೆಗೆ ಮುಟ್ಟಿಸಿದ್ದರು. ನಿಯಮವೆಂದರೆ ಅಷ್ಟು ಪ್ರಾಣ. ಜೊತೆಗೆ, ಸುಳ್ಳೇಕೆ, ಒಳಗೊಂದು ಆಸೆಯೂ ಇತ್ತು. ಐದು ವರ್ಷದ ಹಿಂದೆ ನೀರಿನ ಟಾಕಿಯ ಜಗಳದಲ್ಲಿ ರಾಜೀನಾಮೆ ಕೊಟ್ಟಾಗ ಅಧ್ಯಕ್ಷ ಪಾಂಡಪ್ಪ ಅದನ್ನು ಹರಿದೆಸೆದು, "ನೀವ್ ಬಿಟ್ರ ಸಂಘ ಎಲ್ಲೈತ್ರಿ ರಾಯರ?" ಎಂದು ಎರಡೂ ಕೈ ಹಿಡಿದುಕೊಂಡಿದ್ದರು. ಆ ಮಾತನ್ನು ಇನ್ನೊಮ್ಮೆ ಕೇಳಬೇಕೆನಿಸಿತ್ತು.

ಸಭೆ ಕೂತದ್ದು ಉದ್ಯಾನದ ಬೇವಿನ ಮರದಡಿ. ರಾಯರ ಪಕ್ಕದ ಮನೆಯ ಸೀರೆ ವ್ಯಾಪಾರಿ ರಾಜಮಹ್ಮದ ಕೆಮ್ಮಿದರು.

"ರಾಯರ, ಖರೆ ಹೇಳ್ಲಿ? ಬಾಯಿಯವ್ರು ಹೋದಾಗಿಂದ ನೀವು ಭಾಳ ಸೊರಗೀರಿ. ಹೋದ ವಾರ ಬಿಸಲಾಗ ಪುಸ್ತಕ ಹಿಡಕೊಂಡು ನಮ್ಮ ಮೆಟ್ಲ ಹತ್ತುವಾಗ ನಿಮ್ಮ ಕಾಲು ನಡಗತಿದ್ವು. ನನಗ ನೋಡಾಕ ಆಗಲಿಲ್ರಿ." ಅವರು ಕುರ್ಚಿಯನ್ನು ರಾಯರ ಹತ್ತಿರಕ್ಕೆ ಎಳೆದುಕೊಂಡರು. "ನಿಮಗಿನ್ನ ಈ ತ್ರಾಸ ಬ್ಯಾಡ. ತೆರವು ಮಾಡೂಣು ಅಂತ ನಾನ ಸೂಚಸ್ತೇನಿ."

"ನಂದು ಅನುಮೋದನಿ," ಎಂದರು ಪಾಂಡಪ್ಪ. "ರಾಯರು ದುಡದದ್ದು ಸಾಕು. ಇನ್ನ ಶುಭದಾ ಟೀಚರ ನೋಡಕೋತಾರ."

ಎರಡು ವರ್ಷದ ಹಿಂದೆ ಬಡಾವಣೆಗೆ ಬಂದ ಶುಭದಾ ನಾಚಿಕೊಂಡೇ ಎದ್ದಳು. "ಗ್ರೂಪಿಗೆ ಹಾಕಿದ್ರ ನೋಟೀಸು ಎರಡ ನಿಮಿಷದ ಕೆಲಸರಿ. ಯಾರೂ ಮನಿಮನಿ ತಿರಗೋದು ಬ್ಯಾಡ."

"ಅದಕ್ಕ ಬೈಲಾ ತಿದ್ದಬೇಕಾಗತದ," ಎಂದರು ರಾಯರು.

"ನೀವ ತಿದ್ದಿಕೊಡ್ರಿ ಸರ. ನಿಮ್ಮಷ್ಟು ಚಂದ ಮತ್ಯಾರಿಗೆ ಬರತದ?"

ಒಬ್ಬರ ಮಾತಿನಲ್ಲೂ ಕೆಟ್ಟತನವಿರಲಿಲ್ಲ. ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇಷ್ಟೆಲ್ಲ ಪ್ರೀತಿಯಿಂದ ಹೊರಗೆ ಹಾಕುವವರಿಗೆ ಏನು ಹೇಳುವುದು? "ಕೈ ಎತ್ತೂದಕ್ಕಿಂತ ಮೊದಲ ಒಂದೀಟು ನೀರು ಕುಡದು ಬರ್ತೇನಿ," ಎಂದು ಎದ್ದು ರಸ್ತೆ ದಾಟಿ ಮನೆಗೆ ಬಂದರು.

ಅಡುಗೆಮನೆಯಲ್ಲಿ ತಂಬಿಗೆಗೆ ಕೈ ಹಾಕಿದಾಗ ಹೊಳೆಯಿತು. ಈಗ ಅಲ್ಲಿ ಹನ್ನೊಂದೇ ಜನ. ತಾವು ಮರಳಿ ಹೋಗದಿದ್ದರೆ ಠರಾವು ಬಿದ್ದುಹೋಗುತ್ತದೆ. ಮುಂದಿನ ಸಭೆಯವರೆಗೆ ತಾವೇ ಕಾರ್ಯದರ್ಶಿ, ಮತ್ತೊಂದು ಸಲ ಮೂವತ್ತಾರು ಮನೆ. ಇದು ಅಲ್ಲಿ ಯಾರಿಗೂ ಗೊತ್ತಿಲ್ಲ. ತಲೆನೋವು ಬಂತೆಂದು ಮಲಗಿಬಿಟ್ಟರೆ ಯಾರು ಕೇಳುತ್ತಾರೆ? ರಾಯರ ಎದೆ ಕಳ್ಳನ ಎದೆಯ ಹಾಗೆ ಹೊಡೆದುಕೊಂಡಿತು. ಯಾರಾದರೂ ಕರೆಯಲು ಬಂದಾರೆಂದು ಬಾಗಿಲ ಕಡೆ ನೋಡುತ್ತ ಬಹಳ ಹೊತ್ತು ನಿಂತರು. ಬಂದು "ನೀವಿಲ್ಲದ ಹೆಂಗ್ರಿ?" ಅಂದರೆ ಸಾಕಿತ್ತು. ಯಾರೂ ಬರಲಿಲ್ಲ. ಕಿಟಕಿಯಿಂದ ನೋಡಿದರೆ ಮರದಡಿ ಎಲ್ಲರೂ ಶುಭದಾಳ ಮೊಬೈಲಿಗೆ ಬಗ್ಗಿ ನಗುತ್ತಿದ್ದರು.

ನೀರು ಕುಡಿಯದೆಯೇ ಮರಳಿದರು. ತಮ್ಮ ಕುರ್ಚಿಯಲ್ಲಿ ಕೂತು, "ಪರವಾಗಿ ಇದ್ದವರು ಕೈ ಎತ್ರಿ," ಎಂದು ಎಲ್ಲರಿಗಿಂತ ಮೊದಲು ತಾವೇ ಎತ್ತಿದರು. ಎಣಿಸಿದರು, ಹನ್ನೆರಡು. 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ಬರೆದು, ಅದರ ಕೆಳಗೇ ನೋಟೀಸಿನ ನಿಯಮವನ್ನೂ ತಿದ್ದಿಕೊಟ್ಟರು. ಅಕ್ಷರಗಳು ಎಂದಿನಂತೆ ದುಂಡಗೇ ಬಂದವು.

ಮುಂದಿನ ತಿಂಗಳ ನೋಟೀಸು ಮೊಬೈಲಿನಲ್ಲಿ ಬಂತು. ಒಬ್ಬೊಬ್ಬರಾಗಿ ಅದರ ಕೆಳಗೆ ಹೆಬ್ಬೆರಳೆತ್ತಿದ ಚಿತ್ರ ಹಾಕಿದರು. ರಾಯರೂ ಹಾಕಿದರು. ಬೇರೆ ಕೆಲಸ ಉಳಿಯಲಿಲ್ಲ. ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ರಾಜಮಹ್ಮದರ ಮನೆಯ ಮೆಟ್ಟಿಲು ಹತ್ತಿದರು. ಅವರ ಹೆಂಡತಿ ಜೋಹರಾ ಬಾಗಿಲಿಗೆ ಬಂದರು.

"ಅವರು ಇಳಕಲ್ಲಿಗೆ ಹೋಗ್ಯಾರ್ರಿ ರಾಯರ. ಏನರ ಸಹಿ ಬೇಕಾಗಿತ್ತೇನ್ರಿ?"

"ಏನಿಲ್ಲವ್ವಾ. ಹಿಂಗ ಬಂದಿದ್ದೆ."

"ಬಂದ ಮ್ಯಾಲ ಹೇಳ್ತೇನ್ರಿ."

ಇನ್ನೇನಾದರೂ ಹೇಳುವರೇನೋ ಎಂದು ಜೋಹರಾ ಸೆರಗು ಸರಿಮಾಡಿಕೊಂಡು ಕಾದರು. ರಾಯರು ತಲೆ ಆಡಿಸಿ ಮೆಟ್ಟಿಲಿಳಿದರು. ಮುಂದಿನ ಮನೆಯೊಳಗೆ ಟೀವಿ ನಡೆದಿತ್ತು, ಯಾರೋ ಜೋರಾಗಿ ನಗುತ್ತಿದ್ದರು. ರಾಯರು ಆ ಗೇಟಿನ ಚಿಲಕದ ಮೇಲೆ ಕೈಯಿಟ್ಟು, ಯಾರಾದರೂ ಹೊರಬಂದು ಏನು ಕೆಲಸವೆಂದು ಕೇಳಿದರೆ ಏನು ಹೇಳುವುದೆಂದು ಯೋಚಿಸುತ್ತ ನಿಂತರು.