ತಣ್ಣಗಿದೆ ಎಂದ ಕೈ

ಲಕ್ವ ಹೊಡೆದ ಮೇಲೆ ನನ್ನ ಗಂಡ ಗ್ಯಾರೇಜು ಮುಚ್ಚಿದರು, ಯಜಮಾನಿಕೆಯನ್ನಲ್ಲ. ಬಲಗೈ ಮೊದಲಿನಂತೆಯೇ ಆಗಿದೆ ಎಂದು ಕಂಡಕಂಡವರಿಗೆಲ್ಲ ಹೇಳುತ್ತಾರೆ. ಕೈ ಆಡುತ್ತದೆ, ನಿಜ. ಅದಕ್ಕೆ ಬಿಸಿ ತಟ್ಟುವುದಿಲ್ಲ ಎಂಬುದು ನನಗೆ ಗೊತ್ತು. ಬಾಯಿ ಬಿಟ್ಟಿರಲಿಲ್ಲ.

ಒಂದು ದಿನ ಕೆಲಸ ಬಿತ್ತು. ಮರುದಿನ ಮಗಳು ಸಸಿ ತುಂಬಿದ ಟ್ರೇಲರನ್ನು ಕಾರಿಗೆ ಕಟ್ಟಿಕೊಂಡು ಗುಡ್ಡ ಇಳಿಯಬೇಕಿತ್ತು. ಅದರ ಒಂದು ಚಕ್ರ ಗೊರಗೊರ ಎನ್ನುತ್ತಿತ್ತು.

"ಮೆಕ್ಯಾನಿಕ್ ಹತ್ರ ಕೊಡೋಣ ರೀ."

"ಮನೇಲಿರೋ ನಾನೇನು ಗೂಟಾನಾ?"

ಸರಿ, ಕೈ ನನ್ನದು, ಬಾಯಿ ಅವರದು ಎಂದಾಯಿತು. ಜಾಕ್ ಕೊಟ್ಟು ಚಕ್ರ ಬಿಚ್ಚಿ, ಅದರ ನಡುವಿನ ಗುಂಬವಾದ ಹಬ್ ಎಳೆದೆ. ಹಳೆಯ ಬೇರಿಂಗ್ ಸುಟ್ಟು ನೀಲಿಯಾಗಿತ್ತು. ಆಕ್ಸಲನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಹೊಸ ಬೇರಿಂಗಿನ ಹೊರಬಳೆಯನ್ನು ಹಬ್ಬಿನೊಳಗೆ ಬಡಿಯತೊಡಗಿದೆ.

"ಒಂದೇ ಕಡೆ ಬಡೀಬೇಡ, ಸುತ್ತ ಬಡಿ. ಕೂತ್ಕೊಂಡಾಗ ಸದ್ದು ಬದಲಾಗುತ್ತೆ."

ಬದಲಾಯಿತು. ಒಳಗೊಳಗೇ ಹಿಗ್ಗಿದೆ. ಅಂಗೈ ತುಂಬ ಗ್ರೀಸ್ ತೆಗೆದುಕೊಂಡು ಬೇರಿಂಗಿಗೆ ತುಂಬಿ, ಹಬ್ಬನ್ನು ಆಕ್ಸಲಿಗೆ ಏರಿಸಿ ನಟ್ ತಿರುಗಿಸಿದೆ.

"ಬಿಗಿ ಮಾಡಿ, ಆಮೇಲೆ ಸ್ವಲ್ಪ ಸಡಿಲ ಬಿಡು," ಎಂದರು.

ಮಗಳು ಎಳೆದುಕೊಂಡು ಹೋಗುವ ಚಕ್ರ. ಸಡಿಲ ಬಿಡಲು ಮನಸ್ಸು ಬರಲಿಲ್ಲ. ಬಿಗಿಯಾಗಿದ್ದ ಹಾಗೆಯೇ ನಟ್ ಅಲುಗದಂತೆ ತಡೆಯುವ ಪಿನ್ ಹಾಕಿಬಿಟ್ಟೆ.

ಚಕ್ರ ಕೂರಿಸಿದ ಮೇಲೆ, ಪರೀಕ್ಷೆಗೆಂದು ಮಗಳು ಟ್ರೇಲರ್ ಎಳೆದುಕೊಂಡು ಬೀದಿಗಳನ್ನು ಸುತ್ತಿ ಬಂದಳು. ಇವರು ಬಗ್ಗಿ ಬಲಗೈಯನ್ನು ಹಬ್ಬಿನ ಮೇಲಿಟ್ಟು, "ತಣ್ಣಗಿದೆ. ನಾಳೆ ಧೈರ್ಯವಾಗಿ ಹೋಗಮ್ಮ," ಎಂದರು.

ನಾನು ಮುಟ್ಟಿದೆ. ಬೆರಳು ಚುರ್ರೆಂದಿತು. ನಾನು ಬಿಗಿಯಾಗಿಯೇ ಬಿಟ್ಟ ನಟ್ಟಿನಿಂದ ಬೇರಿಂಗ್ ಕಾದಿತ್ತು.

ಹೇಳಿದರೆ ಮಗಳೆದುರು ಇವರ ಮುಖ ಸಣ್ಣದಾಗುತ್ತದೆ. ಹೇಳದಿದ್ದರೆ ಮಗಳು ಇದೇ ಚಕ್ರದಲ್ಲಿ ಗುಡ್ಡ ಇಳಿಯುತ್ತಾಳೆ. ಅವಳನ್ನು ನೀರು ತರಲು ಒಳಗೆ ಕಳಿಸಿ, ಇವರ ಎಡಗೈ ಹಿಡಿದು ಹಬ್ಬಿಗೆ ತಾಗಿಸಿದೆ. ಥಟ್ಟನೆ ಎಳೆದುಕೊಂಡರು. ತಮ್ಮ ಬಲಗೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡುತ್ತ ಕೂತರು.

"ಯಾವಾಗಿಂದ ಗೊತ್ತು ನಿಂಗೆ?"

"ಕುದಿಯೋ ಹಾಲಿನ ಪಾತ್ರೆನ ಬರಿಗೈಲಿ ಇಳಿಸಿದ್ರಲ್ಲ, ಆವತ್ತಿಂದ."

"ಹೇಳ್ಬಾರ್ದಿತ್ತಾ?"

"ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ."

ಚಕ್ರದತ್ತ ಕೈ ತೋರಿಸಿ, "ಸಡಿಲ ಬಿಡು ಅಂದಿದ್ದೆ ತಾನೆ? ಕಿವಿ ಎಲ್ಲಿಟ್ಟಿದ್ದೆ?" ಎಂದು ರೇಗಿದರು. ಬೈಸಿಕೊಂಡು ಅಷ್ಟು ಸಮಾಧಾನವಾದದ್ದು ಅದೇ ಮೊದಲು. ಪಿನ್ ತೆಗೆದು, ನಟ್ ಸಡಿಲಿಸಿ, ಮತ್ತೆ ಪಿನ್ ಹಾಕಿದೆ.

ಹಬ್ ಆರಿದ ಮೇಲೆ ಮಗಳು ಇನ್ನೊಂದು ಸುತ್ತು ಹೋಗಿ ಬಂದಳು. ಇವರು ಅವಳಿಂದ ಕಾರಿನ ಕೀಲಿ ಇಸಿದುಕೊಂಡರು. ಬಲಗೈಯನ್ನು ಜೇಬಿಗೆ ಹಾಕಿ, ಎಡಗೈಯನ್ನು ಹಬ್ಬಿನ ಮೇಲಿಟ್ಟರು. ಅವಳೆದುರೇ ನನ್ನನ್ನು ಕರೆದರು.

"ನನ್ನ ಬಲಗೈಗೆ ಬಿಸಿ ಗೊತ್ತಾಗಲ್ಲ. ಎಡಗೈ ಕೆಲ್ಸಕ್ಕೆ ಹೊಸದು. ನೀನೂ ಮುಟ್ಟಿ ಹೇಳು."

ನಾನು ಮುಟ್ಟಿ ತಣ್ಣಗಿದೆ ಎಂದು ಹೇಳುವವರೆಗೂ ಮಗಳ ಕೈಗೆ ಕೀಲಿ ಕೊಡಲಿಲ್ಲ.